ಎಲ್ಲಿಗೆ ಹೊರಟಿರಿ? ಸುಮ್ಮನೆ!

ನಮ್ಮ ಊರುಗಳಲ್ಲಿ ದಾರಿಯಲ್ಲಿ ಎದುರಾದವರು ಕೇಳುವ ಮೊದಲ ಪ್ರಶ್ನೆ 'ಎಲ್ಲಿಗೆ ಹೊರಟ್ರಿ?' ಎಂಬುದು. ಕೇಳಿದವರಿಗೆ ಉತ್ತರವೇನೂ ಬೇಕಿರುವುದಿಲ್ಲ. ಅದು ನಮಸ್ಕಾರದ ಇನ್ನೊಂದು ರೂಪ. 'ಇಲ್ಲೇ', 'ಸ್ವಲ್ಪ ಪೇಟೆ ಕಡೆಗೆ', 'ಸುಮ್ನೆ ಹೀಗೇ' ಎಂದರೆ ಸಾಕು, ಇಬ್ಬರೂ ತಮ್ಮ ಪಾಡಿಗೆ ಮುಂದೆ ಸಾಗುತ್ತಾರೆ. ಆದರೆ ಈ 'ಸುಮ್ನೆ ಹೀಗೇ' ಎಂಬ ಮಾತಿಗೆ ಎಲ್ಲರ ಬಾಯಲ್ಲೂ ಒಂದೇ ಬೆಲೆಯಿಲ್ಲ. ರಾತ್ರಿ ಎಂಟರ ಹೊತ್ತಿಗೆ ಒಬ್ಬ ಗಂಡಸು ಹಾಗೆಂದರೆ ಊಟಕ್ಕೆ ಮುಂಚೆ ಗಾಳಿ ಸೇವನೆಗೆ ಹೊರಟಿದ್ದಾನೆ ಎಂದು ಅರ್ಥ. ಒಬ್ಬ ಹೆಂಗಸು ಹಾಗೆಂದರೆ ಕೇಳಿದವರ ಹುಬ್ಬು ಮೇಲೇರುತ್ತದೆ. ಅದಕ್ಕಾಗಿಯೇ ಆಕೆಯ ಕೈಯಲ್ಲೊಂದು ಚೀಲ, ನಾಲಿಗೆಯ ತುದಿಯಲ್ಲಿ 'ಕೊತ್ತಂಬರಿ ಸೊಪ್ಪು ಮುಗಿದಿತ್ತು' ಎಂಬ ಮಾತು ಸಿದ್ಧವಾಗಿರುತ್ತದೆ.

ಕಳೆದ ನೂರು ವರ್ಷಗಳಲ್ಲಿ ನಡಿಗೆಯನ್ನೇ ತಮ್ಮ ಕಲೆಯಾಗಿ ಮಾಡಿಕೊಂಡವರ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಸೊಪ್ಪಿನ ಚೀಲ. ಚಿತ್ರ ಬರೆಯದೆ, ಶಿಲ್ಪ ಕೆತ್ತದೆ, ಬರಿದೇ ನಡೆದು, ಆ ನಡೆದದ್ದನ್ನೇ ಕೃತಿ ಎಂದವರ ಕತೆ ಅದು. ಅವರೆಲ್ಲರೂ ಬಯಸಿದ್ದು ಒಂದನ್ನೇ: ಕೆಲಸವಿಲ್ಲದೆ, ಗುರಿಯಿಲ್ಲದೆ, ಸುಮ್ಮನೆ ನಡೆಯುವುದು. ಈ ಸುಮ್ಮನೆ ನಡೆಯುವ ಸುಖ ಯಾರಿಗೆಲ್ಲ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂದು ಕೇಳಿಕೊಂಡು ಓದಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ.

*

1921ರ ಏಪ್ರಿಲ್ 14, ಮಧ್ಯಾಹ್ನ ಮೂರು ಗಂಟೆ. ಪ್ಯಾರಿಸ್‌ನಲ್ಲಿ ಮಳೆ. ಸೇನ್ ನದಿಯ ಎಡದಂಡೆಯ ಮೇಲೆ, ನೋತ್ರ್ ದಾಮ್ ಮಹಾಮಂದಿರದ ಎದುರಿನ ದಡದಲ್ಲಿ, ಸೇಂಟ್ ಜೂಲಿಯನ್ ಲ ಪೋವ್ರ್ ಎಂಬ ಪುಟ್ಟ ಹಳೆಯ ಚರ್ಚ್ ಇದೆ. ಪ್ರವಾಸಿಗರು ಅಷ್ಟಾಗಿ ತಿರುಗಿ ನೋಡದಿದ್ದ ಜಾಗ. ಅದರ ಅಂಗಳಕ್ಕೆ ಆಂದ್ರೆ ಬ್ರೆಟನ್, ತ್ರಿಸ್ತಾನ್ ಜಾರಾ, ಲೂಯಿ ಅರಗಾನ್, ಪಾಲ್ ಎಲ್ಯುಆರ್ ಮೊದಲಾದ ದಾದಾ ಪಂಥದ ಕವಿಗಳು ಜನರನ್ನು ಕರೆದಿದ್ದರು. ಅಸ್ತಿತ್ವದಲ್ಲಿರಲು ಯಾವ ಕಾರಣವೂ ಇಲ್ಲದ ಜಾಗಗಳಿಗೆ ತಾವು ಸಾಲಾಗಿ ಪ್ರವಾಸ ಏರ್ಪಡಿಸುತ್ತೇವೆ, ಇದು ಅದರಲ್ಲಿ ಮೊದಲನೆಯದು ಎಂದು ಕರಪತ್ರ ಹಂಚಿದ್ದರು. ಮಳೆಯಲ್ಲೂ ಜನ ಬಂದರು. ಬ್ರೆಟನ್ ಒಂದು ಪ್ರಣಾಳಿಕೆ ಓದಿದ. ರಿಬ್ಮಾಂ-ದೆಸೆನ್ಯ್ ಎಂಬ ಕವಿ ಪ್ರವಾಸಿ ಮಾರ್ಗದರ್ಶಿಯ ವೇಷ ತೊಟ್ಟವನಂತೆ, ಒಂದೊಂದು ಶಿಲ್ಪದ ಮುಂದೂ ನಿಂತು, ಅದರ ಚರಿತ್ರೆ ಹೇಳುವ ಬದಲು ಕೈಯಲ್ಲಿದ್ದ ಲಾರೂಸ್ ನಿಘಂಟನ್ನು ತೋಚಿದ ಪುಟದಲ್ಲಿ ತೆರೆದು ಸಿಕ್ಕ ಪದದ ಅರ್ಥವನ್ನು ಗಟ್ಟಿಯಾಗಿ ಓದಿದ. ಒಂದೂವರೆ ಗಂಟೆಯಲ್ಲಿ ಜನ ಚದುರಿದರು.

ಬ್ರೆಟನ್‌ಗೆ ಇದೊಂದು ಸೋಲು ಎನಿಸಿತು. ಕರಪತ್ರದಲ್ಲಿ ಹೇಳಿದ್ದ ಮುಂದಿನ ಪ್ರವಾಸಗಳು ನಡೆಯಲೇ ಇಲ್ಲ. ಹಾಗಿದ್ದೂ ನಡಿಗೆ-ಕಲೆಯ ಚರಿತ್ರೆ ಬರೆಯುವವರು ಹೆಚ್ಚಾಗಿ ಈ ಒದ್ದೆಯಾದ ಮಧ್ಯಾಹ್ನದಿಂದಲೇ ಆರಂಭಿಸುತ್ತಾರೆ. ಕಾರಣ ಸರಳ. ಅಲ್ಲಿಯವರೆಗೆ ಕಲಾವಿದ ಬೀದಿಯನ್ನು ನೋಡಿ ಬಂದು ಮನೆಯಲ್ಲಿ ಕೂತು ಚಿತ್ರಿಸುತ್ತಿದ್ದ, ಬರೆಯುತ್ತಿದ್ದ. ಅಂದು ಮೊದಲ ಬಾರಿಗೆ ಏನನ್ನೂ ಮನೆಗೆ ಒಯ್ಯದೆ, ಒಂದು ಜಾಗಕ್ಕೆ ಹೋದದ್ದನ್ನೇ ಕೃತಿ ಎಂದು ಕರೆದರು. ಆ ದಿನದ ಒಂದು ಛಾಯಾಚಿತ್ರ ಉಳಿದಿದೆ. ಕೋಟು, ಟೋಪಿ ಧರಿಸಿದ ಯುವಕರು ಚರ್ಚಿನ ಪಕ್ಕದಲ್ಲಿ ಗುಂಪಾಗಿ ನಿಂತಿದ್ದಾರೆ. ಎಲ್ಲರೂ ಗಂಡಸರು.

ಇದು ಆಕಸ್ಮಿಕವೇನಲ್ಲ. ಅವರ ಬೆನ್ನ ಹಿಂದೆ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ನ 'ಫ್ಲಾನೂರ್' ನಿಂತಿದ್ದ. ಅವಸರವಿಲ್ಲದೆ ಬೀದಿ ಸುತ್ತುತ್ತ, ಜನರ ನಡುವೆ ಇದ್ದೂ ಯಾರ ಕಣ್ಣಿಗೂ ಬೀಳದೆ ಎಲ್ಲವನ್ನೂ ನೋಡುವವನು ಅವನು. ಬೋದಿಲೇರ್ 1863ರಲ್ಲಿ ಬರೆದ ಪ್ರಬಂಧದಲ್ಲಿ ಆಧುನಿಕ ಬದುಕನ್ನು ಚಿತ್ರಿಸುವ ಕಲಾವಿದ ಇಂಥವನೇ. ಆದರೆ ಕಣ್ಣಿಗೆ ಬೀಳದಿರುವ ಸವಲತ್ತು ಹೆಣ್ಣಿಗೆಲ್ಲಿತ್ತು? ಅದಕ್ಕೂ ಮೂರು ದಶಕ ಮೊದಲು, 1831ರಲ್ಲಿ, ಪ್ಯಾರಿಸ್‌ಗೆ ಬಂದ ಲೇಖಕಿ ಜಾರ್ಜ್ ಸಾಂಡ್ ಗಂಡಸಿನ ಉದ್ದನೆಯ ಬೂದು ಕೋಟು, ಟೋಪಿ ಹೊಲಿಸಿಕೊಂಡಳು. ಹೆಂಗಸರ ತೆಳು ಪಾದರಕ್ಷೆ ಆ ಊರಿನ ಕಲ್ಲುಹಾಸಿನ ಮೇಲೆ ಎರಡು ದಿನವೂ ಬಾಳುತ್ತಿರಲಿಲ್ಲ. ಹಿಮ್ಮಡಿಗೆ ಕಬ್ಬಿಣ ಬಡಿದ ಬೂಟು ಸಿಕ್ಕಾಗ ಆಕೆಗಾದ ಸಂತೋಷ ಎಷ್ಟೆಂಬುದು ಆತ್ಮಕತೆಯಲ್ಲಿ ದಾಖಲಾಗಿದೆ. ಯಾವ ಹವೆಯಲ್ಲೂ, ಯಾವ ಹೊತ್ತಿನಲ್ಲೂ ನಡೆಯಬಹುದಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಸುಮ್ಮನೆ ನಡೆಯಲು ಆಕೆ ಮೊದಲು ಗಂಡಸಾಗಬೇಕಾಯಿತು.

1924ರ ಮೇ ತಿಂಗಳಿನಲ್ಲಿ ಬ್ರೆಟನ್ ಮತ್ತೊಮ್ಮೆ ಪ್ರಯತ್ನಿಸಿದ. ಈ ಸಲ ಅರಗಾನ್, ಮಾಕ್ಸ್ ಮೊರೀಸ್, ರೊಜೆ ವಿತ್ರಾಕ್ ಜೊತೆಗಿದ್ದರು. ಭೂಪಟದ ಮೇಲೆ ಕುರುಡಾಗಿ ಬೊಟ್ಟಿಟ್ಟಾಗ ಸಿಕ್ಕ ಬ್ಲ್ವಾ ಎಂಬ ಊರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಳ್ಳಿಗಾಡಿನಲ್ಲಿ ಗುರಿಯಿಲ್ಲದೆ ನಡೆದರು. ದಿನ ಕಳೆದಂತೆ ದಣಿವು ಏರಿ, ಗೆಳೆಯರ ನಡುವೆ ಜಗಳವಾಗಿ, ನಡಿಗೆ ಅರ್ಧಕ್ಕೇ ನಿಂತಿತು. ಗುರಿಯಿಲ್ಲದಿರುವುದೂ ಸುಲಭವಲ್ಲ ಎಂಬುದು ಅವರಿಗೆ ಗೊತ್ತಾಯಿತು. ಆ ವರ್ಷವೇ ಬ್ರೆಟನ್ ಸರ್ರಿಯಲಿಸಂನ ಮೊದಲ ಪ್ರಣಾಳಿಕೆ ಪ್ರಕಟಿಸಿದ.

ಇದಾದ ಮೂರು ವರ್ಷಕ್ಕೆ, 1927ರಲ್ಲಿ, ಲಂಡನ್ನಿನ ವರ್ಜೀನಿಯಾ ವೂಲ್ಫ್ 'ಸ್ಟ್ರೀಟ್ ಹಾಂಟಿಂಗ್' ಎಂಬ ಪ್ರಬಂಧ ಪ್ರಕಟಿಸಿದಳು. ಚಳಿಗಾಲದ ಸಂಜೆ ಊರಲ್ಲಿ ಅಡ್ಡಾಡುವ ಆಸೆ. ಆದರೆ ಮನೆಯಿಂದ ಹೊರಬೀಳಲು ನೆಪವೊಂದು ಬೇಕು. ಆಕೆ ಹುಡುಕಿಕೊಂಡ ನೆಪ ಒಂದು ಪೆನ್ಸಿಲ್. ಪೆನ್ಸಿಲ್ ಕೊಳ್ಳಲು ಹೊರಟವಳು ಲಂಡನ್ನಿನ ಬೀದಿಗಳನ್ನೂ ಅಲ್ಲಿನ ಅಪರಿಚಿತರ ಬದುಕುಗಳನ್ನೂ ಮನಸಾರೆ ಹೊಕ್ಕು ಹೊರಬಂದು, ಕೊನೆಗೆ ನಿಜಕ್ಕೂ ಒಂದು ಪೆನ್ಸಿಲ್ ಕೊಂಡು ಮನೆಗೆ ಮರಳುತ್ತಾಳೆ. ನಮ್ಮ ಕೊತ್ತಂಬರಿ ಸೊಪ್ಪಿಗೂ ಆ ಪೆನ್ಸಿಲ್ಲಿಗೂ ಹೆಚ್ಚೇನೂ ದೂರವಿಲ್ಲ. ಎರಡು ವರ್ಷದ ನಂತರ ಬಂದ 'ಎ ರೂಮ್ ಆಫ್ ಒನ್ಸ್ ಓನ್' ಕೃತಿಯ ಆರಂಭದಲ್ಲಿ ಕಥನಕಾರ್ತಿ ಯೋಚನೆಯಲ್ಲಿ ಮುಳುಗಿ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ಕಾಲಿಡುತ್ತಾಳೆ. ಕೂಡಲೇ ಕಾವಲಿನವನೊಬ್ಬ ಕೈ ಬೀಸುತ್ತ ಓಡಿಬರುತ್ತಾನೆ. ಹುಲ್ಲು ಇರುವುದು ಅಲ್ಲಿನ ವಿದ್ವಾಂಸರಿಗೆ, ಹೆಂಗಸಿಗೆ ಜಲ್ಲಿ ಹಾಸಿದ ದಾರಿಯಿದೆ. ಈ ಹುಲ್ಲನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಇಂಗ್ಲೆಂಡಿನ ಇನ್ನೊಂದು ಹುಲ್ಲಿನ ಹತ್ತಿರ ಬರುತ್ತೇವೆ.

*

ಎರಡನೆಯ ಮಹಾಯುದ್ಧದ ನಂತರ ಪ್ಯಾರಿಸ್‌ನಲ್ಲಿ ಇನ್ನೊಂದು ಗುಂಪು ನಡೆಯಲು ಹೊರಟಿತು. ಅದರ ಮುಂದಾಳು ಗಿ ದೆಬೋರ್. 1956ರಲ್ಲಿ ಅವನು 'ದೆರೀವ್' ಎಂಬ ನಡಿಗೆಯ ಸಿದ್ಧಾಂತವನ್ನು ಪ್ರಕಟಿಸಿದ, ಮರುವರ್ಷ ಸಿಚುಯೇಷನಿಸ್ಟ್ ಇಂಟರ್‌ನ್ಯಾಷನಲ್ ಹುಟ್ಟಿತು. ದೆರೀವ್ ಎಂದರೆ ತೇಲಿಹೋಗುವುದು, ಹುಟ್ಟು ಹಾಕದೆ ಹರಿಗೋಲನ್ನು ಹೊಳೆಯ ಹರಿವಿಗೆ ಬಿಟ್ಟ ಹಾಗೆ. ಒಬ್ಬರೋ ಕೆಲವರೋ ಕೂಡಿ, ಕೆಲಸ, ವಿರಾಮ, ಗೆಳೆಯರ ಭೇಟಿ ಮುಂತಾಗಿ ನಾವು ಹೊರಗೆ ಹೋಗಲು ಇರುವ ಎಲ್ಲ ಕಾರಣಗಳನ್ನೂ ಕೆಲಕಾಲ ಬದಿಗಿಟ್ಟು, ಬೀದಿಗಳ ಸೆಳೆತಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳಬೇಕು. ಒಂದೇ ಮನಸ್ಸಿನ ಇಬ್ಬರು ಮೂವರ ಗುಂಪಾದರೆ ಉತ್ತಮ. ಸರಾಸರಿ ಅವಧಿ ಒಂದು ದಿನ, ಅಂದರೆ ಎರಡು ನಿದ್ದೆಗಳ ನಡುವಿನ ಹೊತ್ತು. ಊರಿನ ಯಾವ ಭಾಗ ನಮ್ಮನ್ನು ಎಳೆಯುತ್ತದೆ, ಯಾವುದು ದೂಡುತ್ತದೆ ಎಂಬುದನ್ನು ಗಮನಿಸಿ ಹೊಸ ಬಗೆಯ ನಕ್ಷೆ ಬರೆಯಬೇಕು. ಹಣ ಮತ್ತು ಕಾರುಗಳಿಗಾಗಿ ಕಟ್ಟಿದ ನಗರವನ್ನು ಬದುಕುವವರ ಕೈಗೆ ಹಿಂತಿರುಗಿಸಲು ಇದು ಮೊದಲ ಹೆಜ್ಜೆ ಎಂದು ಅವರು ನಂಬಿದ್ದರು.

ಈ ಗುಂಪಿನಲ್ಲಿ ಅಬ್ದೆಲ್‌ಹಫೀದ್ ಖತೀಬ್ ಎಂಬ ಅಲ್ಜೀರಿಯಾ ಮೂಲದ ಸದಸ್ಯನಿದ್ದ. ಅವನು ಆರಿಸಿಕೊಂಡದ್ದು ಪ್ಯಾರಿಸ್‌ನ ನಡುಮಧ್ಯದ ಲೆ ಆಲ್ ಮಾರುಕಟ್ಟೆ. ಇಡೀ ಊರಿಗೆ ತರಕಾರಿ, ಮಾಂಸ, ಮೀನು ಸರಬರಾಜಾಗುತ್ತಿದ್ದ ಸಗಟು ಪೇಟೆ ಅದು. ನಮ್ಮ ಕೆ. ಆರ್. ಮಾರುಕಟ್ಟೆಯಂತೆ ಅದಕ್ಕೂ ಜೀವ ಬರುವುದು ಊರು ಮಲಗಿದ ಮೇಲೆ. ಲಾರಿಗಳು ಬಂದು ನಿಲ್ಲುತ್ತವೆ, ಕೋಸು, ಗಜ್ಜರಿಯ ರಾಶಿ ಏಳುತ್ತದೆ, ಹಮಾಲರಿಂದ, ಸೂಪಿನಂಗಡಿಗಳಿಂದ, ಹೆಂಡದ ಮನೆಗಳಿಂದ ಬೀದಿ ತುಂಬುತ್ತದೆ. ಅದನ್ನು ಅರಿಯಬೇಕಾದರೆ ರಾತ್ರಿಯೇ ನಡೆಯಬೇಕು.

ಖತೀಬನ ಬರಹ 1958ರ ಡಿಸೆಂಬರ್‌ನಲ್ಲಿ ಗುಂಪಿನ ಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ ಅಚ್ಚಾಯಿತು. ಆ ಬರಹ ಅಪೂರ್ಣ. ಅದು ಏಕೆ ಮುಗಿದಿಲ್ಲ ಎಂಬುದನ್ನು ಕೊನೆಗೆ ಸೇರಿಸಿದ ಟಿಪ್ಪಣಿ ಹೇಳುತ್ತದೆ. ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ ಕಾಲವದು. ಆ ಸೆಪ್ಟೆಂಬರಿನಿಂದ ಉತ್ತರ ಆಫ್ರಿಕಾ ಮೂಲದವರು ರಾತ್ರಿ ಒಂಬತ್ತೂವರೆಯ ನಂತರ ಬೀದಿಯಲ್ಲಿ ಇರಕೂಡದೆಂದು ಪೊಲೀಸರು ಕಟ್ಟಳೆ ಮಾಡಿದ್ದರು. ಎರಡು ಸಲ ಬಂಧನಕ್ಕೊಳಗಾಗಿ, ಎರಡು ಸಲ ಬಂಧನಗೃಹ ಕಂಡ ಮೇಲೆ ಖತೀಬ್ ತನ್ನ ಅಧ್ಯಯನವನ್ನು ಕೈಬಿಟ್ಟ.

ನಡಿಗೆ-ಕಲೆಯ ಪುಸ್ತಕಗಳಲ್ಲಿ ಈ ಪ್ರಸಂಗಕ್ಕೆ ಸಿಗುವ ಜಾಗ ಬಹಳವೆಂದರೆ ಒಂದು ಪ್ಯಾರಾ. ನನಗೆ ಇಡೀ ಚರಿತ್ರೆಯ ಕೀಲಿ ಇಲ್ಲೇ ಇದೆ ಅನಿಸುತ್ತದೆ. ಒಂದೇ ಗುಂಪು, ಒಂದೇ ಸಿದ್ಧಾಂತ, ಒಂದೇ ಊರು. ದೆಬೋರ್ ಮತ್ತವನ ಫ್ರೆಂಚ್ ಗೆಳೆಯರು ಅದೇ ಬೀದಿಗಳಲ್ಲಿ ಬೆಳಗಾಗುವವರೆಗೂ ಕುಡಿದು ಅಲೆದು ಮನೆ ಸೇರಬಹುದಿತ್ತು. ಖತೀಬ್ ಅದೇ ಕೆಲಸಕ್ಕೆ ಹೋದರೆ ಸಿಗುವುದು ಪೊಲೀಸ್ ವ್ಯಾನು. ಹೊರಗೆ ಹೋಗಲು ಇರುವ ಕಾರಣಗಳನ್ನೆಲ್ಲ ಬದಿಗಿಡಿ ಎಂದು ಸಿದ್ಧಾಂತ ಹೇಳಿತು. ಹೊರಗೆ ಬಂದದ್ದಕ್ಕೆ ಕಾರಣ ಕೊಡು ಎಂದು ಪೊಲೀಸರು ಕೇಳಿದರು. ಬೀದಿಯ ಸೆಳೆತ, ದೂಡುವಿಕೆಗಳನ್ನು ದೆಬೋರ್ ಮನಸ್ಸಿನ ವಿಷಯವಾಗಿ ಬರೆದಿದ್ದ. ಅದು ಮೈಬಣ್ಣದ, ಗುರುತುಪತ್ರದ ವಿಷಯವೂ ಹೌದು ಎಂಬುದನ್ನು ಖತೀಬನ ಮುಗಿಯದ ಬರಹ ತೋರಿಸಿಕೊಟ್ಟಿತು.

ಮೂರು ವರ್ಷದ ನಂತರ, 1961ರ ಅಕ್ಟೋಬರ್‌ನಲ್ಲಿ, ಪೊಲೀಸ್ ಮುಖ್ಯಸ್ಥ ಮೋರಿಸ್ ಪಪೋನ್ ಅಲ್ಜೀರಿಯನ್ನರ ಮೇಲೆ ಮತ್ತೆ ಕರ್ಫ್ಯೂ ಹೇರಿದ. ಈ ಸಲ ರಾತ್ರಿ ಎಂಟೂವರೆಯಿಂದಲೇ. ಅದನ್ನು ವಿರೋಧಿಸಿ ಅಕ್ಟೋಬರ್ 17ರ ಸಂಜೆ ಸಾವಿರಾರು ಅಲ್ಜೀರಿಯನ್ನರು, ಹೆಂಗಸರು ಮಕ್ಕಳೂ ಸೇರಿ, ಒಳ್ಳೆಯ ಉಡುಪು ತೊಟ್ಟು, ಆಯುಧವಿಲ್ಲದೆ ಪ್ಯಾರಿಸ್‌ನ ನಡುಬೀದಿಗಳಲ್ಲಿ ನಡೆದರು. ಪೊಲೀಸರು ಗುಂಡು ಹಾರಿಸಿದರು, ಲಾಠಿಯಿಂದ ಬಡಿದರು, ಕೆಲವರನ್ನು ಸೇನ್ ನದಿಗೆ ಎಸೆದರು. ಸತ್ತವರೆಷ್ಟು ಎಂಬುದು ಇಂದಿಗೂ ವಿವಾದವೇ. ಅವರ ನೆನಪಿನ ಫಲಕವೊಂದನ್ನು ಸೇನ್ ಮಿಷೆಲ್ ಸೇತುವೆಯ ಬಳಿ ಹಾಕಿದ್ದು ನಲವತ್ತು ವರ್ಷ ಕಳೆದ ಮೇಲೆ, 2001ರಲ್ಲಿ. 1921ರಲ್ಲಿ ದಾದಾ ಕವಿಗಳು ಮಳೆಯಲ್ಲಿ ನಿಘಂಟು ಓದಿದ ಚರ್ಚಿನಿಂದ ಆ ಸೇತುವೆಗೆ ಐದೇ ನಿಮಿಷದ ನಡಿಗೆ.

*

ಈಗ ಇಂಗ್ಲೆಂಡಿನ ಆ ಇನ್ನೊಂದು ಹುಲ್ಲಿಗೆ ಬರೋಣ. 1967ರಲ್ಲಿ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ವಿದ್ಯಾರ್ಥಿ ರಿಚರ್ಡ್ ಲಾಂಗ್‌ಗೆ ಇಪ್ಪತ್ತೆರಡು ವರ್ಷ. ತನ್ನೂರು ಬ್ರಿಸ್ಟಲ್ಲಿಗೆ ಸಿಕ್ಕ ವಾಹನ ಹತ್ತಿಕೊಂಡು ಹೋಗುವಾಗ ದಾರಿಯಲ್ಲಿ ಒಂದು ಹುಲ್ಲಿನ ಬಯಲಿಗೆ ಇಳಿದ. ಒಂದೇ ನೇರಕ್ಕೆ ಹೋಗಿ ಬಂದು, ಹೋಗಿ ಬಂದು, ಹುಲ್ಲು ಮಲಗಿ ಬಿಸಿಲಿಗೆ ಬೆಳ್ಳಗೆ ಗೆರೆಯಾಗಿ ಕಾಣುವವರೆಗೂ ನಡೆದ. ಅದರ ಫೋಟೋ ತೆಗೆದು ಹೊರಟುಹೋದ. 'ಎ ಲೈನ್ ಮೇಡ್ ಬೈ ವಾಕಿಂಗ್' ಎಂಬ ಈ ಕೃತಿ ಇಪ್ಪತ್ತನೆಯ ಶತಮಾನದ ಶಿಲ್ಪಕಲೆಯ ಅರ್ಥವನ್ನೇ ಬದಲಿಸಿತು. ಕಂಚು ಬೇಡ, ಕಲ್ಲು ಬೇಡ, ಕಾಲೆರಡು ಸಾಕು. ಕೃತಿಯೂ ಕೆಲದಿನಕ್ಕೆ ತಾನಾಗಿ ಎದ್ದು ನಿಲ್ಲುವ ಹುಲ್ಲು. ಅವನ ಸಹಪಾಠಿ ಹ್ಯಾಮಿಶ್ ಫುಲ್ಟನ್ 1973ರಲ್ಲಿ ಸ್ಕಾಟ್ಲೆಂಡಿನ ಈಶಾನ್ಯ ತುದಿಯಿಂದ ಇಂಗ್ಲೆಂಡಿನ ನೈಋತ್ಯ ತುದಿಯವರೆಗೆ 47 ದಿನ, 1,022 ಮೈಲಿ ನಡೆದ. ಆಮೇಲೆ ನಡಿಗೆಯಿಂದ ಹುಟ್ಟದ ಯಾವ ಕೃತಿಯನ್ನೂ ಮಾಡುವುದಿಲ್ಲ ಎಂದು ತೀರ್ಮಾನಿಸಿದ. ನಡೆಯದಿದ್ದರೆ ಕಲೆಯೂ ಇಲ್ಲ ಎಂಬುದು ಅವನ ನಿಯಮ.

ಲಾಂಗ್‌ನ ಗೆರೆ ನನಗೂ ಬಹಳ ಇಷ್ಟ. ನಮ್ಮ ಕಡೆಯ ಗದ್ದೆ ಬದುಗಳಲ್ಲಿ, ಗುಡ್ಡದ ಕಾಲುದಾರಿಗಳಲ್ಲಿ ಇಂಥ ಗೆರೆಗಳನ್ನು ನೋಡುತ್ತಲೇ ಬೆಳೆದವರು ನಾವು. ಆದರೆ ವೂಲ್ಫಳ ಕಥನಕಾರ್ತಿಯನ್ನು ಹುಲ್ಲಿನಿಂದ ಓಡಿಸಿದ ಕಾವಲಿನವನು ಈ ಬಯಲಿಗೆ ಬರಲಿಲ್ಲವಲ್ಲ ಎಂಬ ಯೋಚನೆಯೂ ಜೊತೆಗೇ ಬರುತ್ತದೆ. ಅವನು ಬಾರದಿರುವುದರ ಹಿಂದೆಯೂ ಒಂದು ಚರಿತ್ರೆಯಿದೆ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಬೇಕೆಂದೇ ಅಕ್ರಮವಾಗಿ ಹತ್ತಿದರು. ಶ್ರೀಮಂತರ ಹಕ್ಕಿ ಬೇಟೆಗೆ ಮೀಸಲಾಗಿದ್ದ ಬೆಟ್ಟ ಅದು. ವಾರವಿಡೀ ಗಿರಣಿ, ಕಾರ್ಖಾನೆಗಳ ಹೊಗೆ ಕುಡಿದವರಿಗೆ ಭಾನುವಾರ ನಡೆಯಲು ಜಾಗ ಬೇಕಿತ್ತು. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐದು ಮಂದಿ ಯುವಕರಿಗೆ ಎರಡರಿಂದ ಆರು ತಿಂಗಳ ಸೆರೆವಾಸವಾಯಿತು. ಇಂಗ್ಲೆಂಡಿನ ಬೆಟ್ಟ ಬಯಲುಗಳಲ್ಲಿ ಸಾಮಾನ್ಯರು ನಡೆಯುವ ಹಕ್ಕಿನ ಹೋರಾಟಕ್ಕೆ ಈ ಘಟನೆ ದೊಡ್ಡ ಬಲ ಕೊಟ್ಟಿತು. ಕಲಾವಿದ ಒಂಟಿಯಾಗಿ ನಡೆಯುವ ಬಯಲನ್ನು ಹಲವರು ಸೇರಿ ತೆರೆಸಿರುತ್ತಾರೆ. ಅವರ ಹೆಸರು ಕಲಾಚರಿತ್ರೆಯಲ್ಲಿ ಬರುವುದಿಲ್ಲ.

ಬಯಲಿನಿಂದ ಮತ್ತೆ ಬೀದಿಗೆ ಬಂದರೆ, 1969ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ವೀಟೊ ಅಕಾಂಚಿ ಒಂದು ಕೃತಿ ಮಾಡಿದ. ಸುಮಾರು ಮೂರು ವಾರ, ಪ್ರತಿದಿನ ಬೀದಿಯಲ್ಲಿ ತನಗೆ ತೋಚಿದ ಒಬ್ಬ ಅಪರಿಚಿತರನ್ನು ಆರಿಸಿ ಹಿಂಬಾಲಿಸುವುದು. ಅವರು ತಾನು ಹೋಗಲಾಗದ ಮನೆಗೋ ಕಚೇರಿಗೋ ಹೊಕ್ಕಾಗ ನಿಲ್ಲಿಸುವುದು. ತನ್ನ ದಾರಿಯನ್ನು ಬೇರೊಬ್ಬರ ಇಚ್ಛೆಗೆ ಒಪ್ಪಿಸುವುದು ಅದರ ತಿರುಳು ಎಂದು ವಿಮರ್ಶಕರು ಬರೆದರು. ಇರಬಹುದು. ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಮನೆಯ ತಿರುವಿನವರೆಗೂ ಬೆನ್ನ ಹಿಂದೆ ಅದೇ ಹೆಜ್ಜೆ ಸದ್ದು ಕೇಳಿದ ಯಾವ ಹೆಣ್ಣುಮಗಳಿಗೂ ಈ ಕೃತಿಯನ್ನು ವಿವರಿಸಿ ನೋಡಿ. ಆಕೆ ನಮಗೆ ಇನ್ನೊಂದು ವಿಮರ್ಶೆ ಕೊಟ್ಟಾಳು.

ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಏಡ್ರಿಯನ್ ಪೈಪರ್ ಎಂಬ ಕರಿಯ ಕಲಾವಿದೆ ಬೀದಿಗಿಳಿದಳು. 1970ರಲ್ಲಿ ಆರಂಭವಾದ ಅವಳ ಸರಣಿಯೊಂದರ ಮೊದಲ ಪ್ರಯೋಗ ಹೀಗಿತ್ತು. ಬಟ್ಟೆಯನ್ನು ವಿನೆಗರ್, ಮೊಟ್ಟೆ, ಹಾಲು, ಮೀನೆಣ್ಣೆಯಲ್ಲಿ ಒಂದು ವಾರ ನೆನೆಹಾಕಿ, ಆ ದುರ್ನಾತದ ಉಡುಪಿನಲ್ಲೇ ದಟ್ಟಣೆಯ ಹೊತ್ತಿನ ಮೆಟ್ರೋ ಹತ್ತಿದಳು, ಪುಸ್ತಕದಂಗಡಿ ಸುತ್ತಿದಳು. ಉಳಿದಂತೆ ನಡೆ ನುಡಿಯೆಲ್ಲ ಎಂದಿನಂತೆಯೇ. ಜನ ಸರಿದು ದಾರಿ ಬಿಟ್ಟರು. ಗುಂಪಿನಲ್ಲಿ ಒಬ್ಬರ ಸುತ್ತ ಖಾಲಿ ಜಾಗ ಏಳುವುದು ಹೇಗಿರುತ್ತದೆ ಎಂಬುದು ಕಣ್ಣಿಗೆ ಕಾಣುವಂತಾಯಿತು. 1973ರಿಂದ 1975ರವರೆಗೆ ಅವಳು ಮೀಸೆ, ಗುಂಗುರು ಕೂದಲಿನ ಟೋಪನ್, ಕಪ್ಪು ಕನ್ನಡಕ ಧರಿಸಿ ಗಂಡಸಿನ ವೇಷದಲ್ಲಿ ಬೀದಿ ಸುತ್ತಿದಳು. ಜಾರ್ಜ್ ಸಾಂಡ್ ಗಂಡಸಿನ ಉಡುಪಿನಲ್ಲಿ ಯಾರ ಕಣ್ಣಿಗೂ ಬೀಳದೆ ಹಗುರಾಗಿದ್ದಳು. ಪೈಪರ್ ಕರಿಯ ಗಂಡಸಾಗಿ ಕಂಡಳು, ಎದುರು ಬಂದವರ ಅಂಜಿಕೆಯನ್ನು ಹೊತ್ತು ನಡೆದಳು. ಹೆಣ್ಣು ಬೀದಿಯಲ್ಲಿ ಹೆದರುತ್ತಾಳೆ, ಕರಿಯ ಗಂಡಸನ್ನು ಕಂಡು ಬೀದಿ ಹೆದರುತ್ತದೆ. ಸುಮ್ಮನೆ ನಡೆಯುವ ಭಾಗ್ಯ ಇಬ್ಬರಿಗೂ ಇಲ್ಲ.

1985ರ ಬೇಸಿಗೆಯ ಹೊತ್ತಿಗೆ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯ ಕಲಾವಿದರ ಸಂಘವೊಂದು ಗ್ಯಾಲರಿ ಬಿಟ್ಟು ಬೀದಿಯಲ್ಲೇ ಕೃತಿಗಳನ್ನು ಮಾಡಲು ಕಲಾವಿದರನ್ನು ಕರೆಯಿತು. ಕೆರಿಬಿಯನ್ ಮೂಲದವರು ಹೆಚ್ಚಾಗಿದ್ದ ಆ ಬಡಾವಣೆ 1981ರಲ್ಲಿ ಪೊಲೀಸರ ವಿರುದ್ಧ ಸಿಡಿದೆದ್ದಿತ್ತು. ಬೇರೂತ್‌ನಲ್ಲಿ ಹುಟ್ಟಿ, ಲೆಬನಾನಿನ ಅಂತರ್ಯುದ್ಧದಿಂದಾಗಿ ಲಂಡನ್ನಿನಲ್ಲೇ ಉಳಿಯಬೇಕಾಗಿ ಬಂದ ಪ್ಯಾಲೆಸ್ತೀನ್ ಮೂಲದ ಮೋನಾ ಹತೂಮ್ ಅಲ್ಲಿ ಸುಮಾರು ಒಂದು ಗಂಟೆ ಬರಿಗಾಲಲ್ಲಿ ನಡೆದಳು. ಅವಳ ಎರಡೂ ಪಾದದ ಗಂಟುಗಳಿಗೆ ದಪ್ಪ ಕರಿ ಬೂಟುಗಳನ್ನು ದಾರದಿಂದ ಕಟ್ಟಿತ್ತು. ಪೊಲೀಸರೂ, ವಲಸಿಗರ ಮೇಲೆ ಕೈಮಾಡುತ್ತಿದ್ದ ಬೋಳುತಲೆಯ ಪುಂಡರೂ ತೊಡುತ್ತಿದ್ದ ಬಗೆಯ ಬೂಟುಗಳು. ಅವಳು ಹೆಜ್ಜೆಯಿಟ್ಟಲ್ಲೆಲ್ಲ ಬೂಟು ಎಳೆದುಕೊಂಡು ಬರುತ್ತಿತ್ತು, ಕಾಣದ ಯಾರೋ ಬೆನ್ನು ಹತ್ತಿದಂತೆ. ಮಾರುಕಟ್ಟೆಯ ಜನ ನಕ್ಕರು, ನಿಂತು ನೋಡಿದರು, ವಿಚಾರಿಸಿದರು. ಆದರೆ ಅದು ಏನೆಂದು ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರೂ ಆ ಬೂಟುಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದವರು.

2003ರಲ್ಲಿ ಗ್ವಾಟೆಮಾಲಾದಲ್ಲಿ ರೆಹೀನಾ ಹೋಸೆ ಗಲಿಂದೊ ರಾಜಧಾನಿಯ ಸಾಂವಿಧಾನಿಕ ನ್ಯಾಯಾಲಯದಿಂದ ಹಳೆಯ ಅರಮನೆಯವರೆಗೆ ನಡೆದಳು. ಕೈಯಲ್ಲಿ ಮನುಷ್ಯ ರಕ್ತ ತುಂಬಿದ ಬೋಗುಣಿ. ಆಗಾಗ ಅದನ್ನು ಕೆಳಗಿಟ್ಟು ಪಾದ ಅದ್ದಿ ಮತ್ತೆ ನಡೆಯುವುದು. ಸಾವಿರಾರು ಮೂಲನಿವಾಸಿಗಳ ಕೊಲೆಯ ಹೊಣೆ ಹೊತ್ತ ಮಾಜಿ ಸರ್ವಾಧಿಕಾರಿ ರಿಯೋಸ್ ಮೊಂಟ್ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತ್ತು. ಲಾಂಗ್‌ನ ಗೆರೆಯ ಪಕ್ಕದಲ್ಲಿ ಈ ಹೆಜ್ಜೆಸಾಲನ್ನು ಇಟ್ಟು ನೋಡಬೇಕು. ಒಂದು, ಕೆಲದಿನದಲ್ಲಿ ಅಳಿಸಿಹೋಗಲೆಂದೇ ಬಿಟ್ಟ ಗುರುತು. ಇನ್ನೊಂದು, ಅಳಿಸಲು ಯಾರನ್ನೂ ಬಿಡಬಾರದೆಂದು ಬಿಟ್ಟ ಗುರುತು.

*

ಇಷ್ಟು ಹೊತ್ತಿಗೆ ಓದುಗರು ಕೇಳಬಹುದು: ನಮ್ಮಲ್ಲಿ ನಡೆದವರಿಲ್ಲವೇ? ಏಕತಾರಿ ಹಿಡಿದ ದಾಸರು, ಊರಿಂದೂರಿಗೆ ಹೋಗುವ ಜಂಗಮರು, ತತ್ವಪದಕಾರರು ಎಲ್ಲ ನಡೆಯುತ್ತಲೇ ಹಾಡಿದವರು. ನಿಜ. ಕನ್ನಡದಲ್ಲಿ 'ನಡೆ' ಎಂದರೆ ನಡಿಗೆಯೂ ಹೌದು, ನಡತೆಯೂ ಹೌದು. ಆದರೆ ಆ ಎರಡನೆಯ ಅರ್ಥ ಹೆಣ್ಣಿಗೆ ಬೇಗ ಉರುಳಾಗುತ್ತದೆ. ತಿರುಗಿ ಕೆಟ್ಟಳು ಹೆಣ್ಣು, ತಿರುಗದೆ ಕೆಟ್ಟ ಗಂಡು ಎಂಬ ಗಾದೆ ನಮ್ಮದೇ. ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದುಬಂದ ಅಕ್ಕಮಹಾದೇವಿಗೂ, ಶೂನ್ಯಸಂಪಾದನೆಯ ಪ್ರಕಾರ, ಅಲ್ಲಮನ ಮುಂದೆ ನಿಂತು ತನ್ನ ಪತಿ ಯಾರೆಂಬುದಕ್ಕೆ ಉತ್ತರ ಕೊಡಬೇಕಾಯಿತು. ಆಕೆಯ ಉತ್ತರ ದೊಡ್ಡದು, ಆದರೆ ಪ್ರಶ್ನೆಯಂತೂ ತಪ್ಪಲಿಲ್ಲ.

2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದ ಜಾಸ್ಮೀನ್ ಪಥೇಜಾ 'ಬ್ಲ್ಯಾಂಕ್ ನಾಯ್ಸ್' ಎಂಬ ಕಲಾಯೋಜನೆ ಆರಂಭಿಸಿದರು. ಬೀದಿಯಲ್ಲಿ ಹೆಣ್ಣಿಗಾಗುವ ಕಿರುಕುಳವನ್ನು 'ಚುಡಾಯಿಸುವುದು' ಎಂದು ಹಗುರ ಮಾಡುತ್ತಿದ್ದ ಕಾಲ. ವಿದ್ಯಾರ್ಥಿ ಯೋಜನೆಯಾಗಿ ಹುಟ್ಟಿದ್ದು ಸ್ವಯಂಸೇವಕರ ದೊಡ್ಡ ಬಳಗವಾಗಿ ಬೆಳೆಯಿತು. ಅವರ ಒಂದು ಪ್ರಯೋಗದಲ್ಲಿ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ ಅಂಟಿಸಿಕೊಂಡು ಟ್ರಾಫಿಕ್ ಸಿಗ್ನಲ್‌ನಲ್ಲಿ ಸಾಲಾಗಿ ನಿಂತರು. ಕೂಡಿಸಿ ಓದಿದರೆ 'ನನ್ನನ್ನೇಕೆ ನೋಡುತ್ತಿದ್ದೀಯ?' ಎಂಬ ಪ್ರಶ್ನೆ. ಬೇರೇನೂ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ನೋಡುವವರನ್ನು ತಿರುಗಿ ನೋಡಿದರು ಅಷ್ಟೇ.

ನನಗೆ ಹೆಚ್ಚು ಕಾಡಿದ್ದು 2012ರ ಅವರ 'ಟಾಕ್ ಟು ಮಿ'. ಯಲಹಂಕದಲ್ಲಿ ವಿದ್ಯಾರ್ಥಿನಿಯರು ಹೆದರಿ ನಡೆಯುತ್ತಿದ್ದ ಒಂದು ರಸ್ತೆಯಿತ್ತು. ಅದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು 'ರೇಪಿಸ್ಟ್ ಲೇನ್'. ಆ ರಸ್ತೆಯಲ್ಲಿ ಮೇಜು ಕುರ್ಚಿ ಹಾಕಿ, ಒಂದೊಂದು ಮೇಜಿಗೆ ಒಬ್ಬೊಬ್ಬ ಹುಡುಗಿ ಕೂತು, ದಾರಿಹೋಕ ಗಂಡಸರನ್ನು ಮಾತಿಗೆ ಕರೆದರು. ಚಹಾ, ಸಮೋಸಾ, ಒಂದು ಗಂಟೆಯ ಮಾತುಕತೆ, ಹೊರಡುವಾಗ ಒಂದು ಹೂವು. ಕಿರುಕುಳದ ವಿಷಯವನ್ನೇ ಮಾತಾಡಬೇಕೆಂದಿರಲಿಲ್ಲ. ಊರು, ಕೆಲಸ, ಮನೆ, ಏನಾದರೂ ಸರಿ. ಆಮೇಲೆ ಆ ರಸ್ತೆಗೆ ಅವರಿಟ್ಟ ಹೆಸರು 'ಸೇಫೆಸ್ಟ್ ಲೇನ್'. ಒಂದು ಸಂಜೆಯ ಚಹಾದಿಂದ ರಸ್ತೆ ಬದಲಾಗದು ಎಂಬುದು ಅವರಿಗೂ ಗೊತ್ತಿತ್ತು. ಆದರೆ ಅವರು ಮಾಡಿದ್ದರಲ್ಲಿ ದೊಡ್ಡ ಮಾತೊಂದಿದೆ. ಭಯವಿರುವ ರಸ್ತೆಗೆ ಸಾಮಾನ್ಯವಾಗಿ ನಾವು ಕೇಳುವುದು ದೀಪ, ಕ್ಯಾಮರಾ, ಪೊಲೀಸ್. ಖತೀಬನ ಕತೆ ಓದಿದ ಮೇಲೆ ಪೊಲೀಸ್ ಎಂಬ ಉತ್ತರ ಎಲ್ಲರಿಗೂ ಉತ್ತರವಲ್ಲ ಎಂದು ತಿಳಿಯುತ್ತದೆ. ಈ ಹುಡುಗಿಯರು ರಸ್ತೆಯಿಂದ ಯಾರನ್ನೂ ಓಡಿಸದೆ ತಮಗೂ ಜಾಗ ಮಾಡಿಕೊಂಡರು.

2011ರಲ್ಲಿ ಬಂದ 'ವೈ ಲಾಯ್ಟರ್?' ಪುಸ್ತಕದ ವಾದವೂ ಇದೇ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮುಂಬೈಯನ್ನು ಕುರಿತು ಬರೆದ ಪುಸ್ತಕ ಅದು. ಹೆಣ್ಣು ಬೀದಿಗೆ ಬರಬೇಕಾದರೆ ಕೆಲಸವೊಂದನ್ನು ತೋರಿಸಬೇಕು, ಕಚೇರಿ, ಕಾಲೇಜು, ತರಕಾರಿ ಯಾವುದಾದರೂ ಸರಿ. ಕೆಲಸವಿಲ್ಲದೆ ಅಡ್ಡಾಡುವ ಹಕ್ಕು ಸಿಗುವವರೆಗೂ ಊರು ಆಕೆಯದಾಗುವುದಿಲ್ಲ. ಆಕೆಯ ರಕ್ಷಣೆಯ ಹೆಸರಿನಲ್ಲಿ ಬಡವರನ್ನೋ, ಮುಸ್ಲಿಮರನ್ನೋ, ಬೀದಿ ವ್ಯಾಪಾರಿಗಳನ್ನೋ ಎಬ್ಬಿಸಿದರೆ ಅದೂ ನ್ಯಾಯವಲ್ಲ. ಪುಸ್ತಕ ಓದಿದವರು ಮುಂಬೈಯಲ್ಲಿ ಗುಂಪು ಕಟ್ಟಿ ರಾತ್ರಿ ಅಲೆದರು. ಗಡಿಯಾಚೆ ಪಾಕಿಸ್ತಾನದಲ್ಲಿ 'ಗರ್ಲ್ಸ್ ಅಟ್ ಢಾಬಾಸ್' ಎಂಬ ಬಳಗ ರಸ್ತೆಬದಿಯ ಚಹಾದಂಗಡಿಗಳಲ್ಲಿ ಕೂತಿತು. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ. ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಹೆಣ್ಣುಮಕ್ಕಳಿಗಾದ ಕಿರುಕುಳ ಸುದ್ದಿಯಾದಾಗ, ಆ ಹೊತ್ತಿನಲ್ಲಿ ಅವರೇಕೆ ಹೊರಗೆ ಹೋಗಿದ್ದರು ಎಂಬ ಹಳೆಯ ಪ್ರಶ್ನೆ ಮತ್ತೆ ಕೇಳಿತು. 2017ರ ಜನವರಿ 21ರಂದು ದೇಶದ ಅನೇಕ ಊರುಗಳಲ್ಲಿ ಹೆಣ್ಣುಮಕ್ಕಳು 'ಐ ವಿಲ್ ಗೋ ಔಟ್' ಎಂದು ಒಟ್ಟಿಗೆ ನಡೆದರು. ನಾನು ಹೊರಗೆ ಹೋಗುತ್ತೇನೆ ಎಂಬಷ್ಟೇ ಮಾತು. ಎಲ್ಲಿಗೆ, ಯಾಕೆ ಎಂಬ ವಿವರಣೆ ಅದರಲ್ಲಿ ಇರಲಿಲ್ಲ.

ಬ್ಲ್ಯಾಂಕ್ ನಾಯ್ಸ್ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2014ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಹೆಣ್ಣುಮಕ್ಕಳು ಸೇರಿ, ಮರದ ಕೆಳಗೆ ಚಾಪೆಯೋ ದುಪಟ್ಟವೋ ಹಾಸಿ ಮಲಗಿದರು. ಹೆಸರು 'ಮೀಟ್ ಟು ಸ್ಲೀಪ್'. ನಡೆದು ದಣಿದ ಗಂಡಸು ಪಾರ್ಕಿನ ಬೆಂಚಿನ ಮೇಲೆ ಮುಖಕ್ಕೆ ಟವೆಲ್ ಹಾಕಿ ಗೊರಕೆ ಹೊಡೆಯುವುದನ್ನು ನಾವು ದಿನಾ ನೋಡುತ್ತೇವೆ, ನೋಡಿದ್ದೂ ನೆನಪಿರುವುದಿಲ್ಲ. ಹೆಣ್ಣು ಹಾಗೆ ಮಲಗಿದ್ದನ್ನು ನೋಡಿದವರೆಷ್ಟು ಮಂದಿ? ಬಂದವರಲ್ಲಿ ಹಲವರಿಗೆ ಕಣ್ಣು ಮುಚ್ಚಿಕೊಳ್ಳುವುದೇ ಕಷ್ಟವಾಯಿತು. ಮೈಯೆಲ್ಲ ಕಿವಿಯಾಗಿ ಮಲಗುವ ಅಭ್ಯಾಸ ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ. ಹಾಗಿದ್ದೂ ಅದು ಬೇರೆ ಊರುಗಳಿಗೆ, ಬೇರೆ ದೇಶಕ್ಕೆ ಹಬ್ಬಿತು. ಸುಮ್ಮನೆ ನಡೆಯುವುದರ ಕೊನೆಯ ಪರೀಕ್ಷೆ ನಡುದಾರಿಯಲ್ಲಿ ನಿಂತು, ಕೂತು, ನಂಬಿಕೆಯಿಂದ ಕಣ್ಣು ಮುಚ್ಚಲು ಆಗುವುದೇ ಇರಬೇಕು.

ನಡಿಗೆ-ಕಲೆಯ ಚರಿತ್ರೆಯನ್ನು ಒಂಟಿ ಕಲಾವಿದರ ಸಾಹಸಗಳ ಸಾಲಾಗಿ ಹೇಳುವುದು ರೂಢಿ. ಆದರೆ ಒಂಟಿಯಾಗಿ ನಡೆಯುವುದೇ ಅನೇಕರಿಗೆ ಹಲವರು ಕೂಡಿ ಗಳಿಸಿಕೊಡಬೇಕಾದ ಸ್ವಾತಂತ್ರ್ಯವಾಗಿತ್ತು. ಒಂಟಿ ನಡಿಗೆಗೆ ಹೆಸರಾದ ಫುಲ್ಟನ್ ಕೂಡ ನಂತರದ ವರ್ಷಗಳಲ್ಲಿ ಜನರನ್ನು ಕೂಡಿಸಿ ನಡೆಸತೊಡಗಿದ. 2011ರ ಏಪ್ರಿಲ್ 30ರಂದು, ಚೀನಾದ ಕಲಾವಿದ ಐ ವೇಯ್‌ವೇಯ್ ಸೆರೆಯಲ್ಲಿದ್ದಾಗ, ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ದೊಡ್ಡ ಹಜಾರದಲ್ಲಿ ಜನ ಮಾತಿಲ್ಲದೆ, ಇರುವೆಗಿಂತ ನಿಧಾನವಾಗಿ ನಡೆದರು. ನಡೆಯಲಾಗದ ಒಬ್ಬನಿಗಾಗಿ ಹಲವರ ನಡಿಗೆ.

2019ರಲ್ಲಿ 'ಮೀಟ್ ಟು ಸ್ಲೀಪ್' ಕೃತಿಗೆ ವಿಸಿಬಲ್ ಅವಾರ್ಡ್ ಬಂತು. ಕೊಟ್ಟದ್ದು ಪ್ಯಾರಿಸ್‌ನಲ್ಲಿ. ನಿಘಂಟು ಓದಿದ ಕವಿಗಳ, ಅರ್ಧಕ್ಕೆ ನಿಂತ ಖತೀಬನ, ಸೇತುವೆಯ ಫಲಕದ ಪ್ಯಾರಿಸ್. ಪ್ರಶಸ್ತಿ ಬಂದ ಮಾತ್ರಕ್ಕೆ ನಮ್ಮ ಬೀದಿಗಳು ಬದಲಾಗಿಲ್ಲ. ಇವತ್ತಿಗೂ ಸಂಜೆ ಮನೆಯಿಂದ ಹೊರಬಿದ್ದ ಹೆಣ್ಣುಮಗಳ ಕೈಯಲ್ಲಿ ಚೀಲವಿದೆ, ಕೊತ್ತಂಬರಿ ಸೊಪ್ಪಿನ ನೆಪವಿದೆ. ಒಂದು ದಿನ ಅವಳು ಬರಿಗೈಯಲ್ಲಿ ಎದುರಾಗಿ, ಎಲ್ಲಿಗೆ ಹೊರಟ್ಯಮ್ಮ ಎಂದು ನಾವು ಕೇಳಿದಾಗ, ಸುಮ್ನೆ ಹೀಗೇ ಎಂದಾಳು. ಆಗ ಹುಬ್ಬೇರಿಸದೆ, ಸರಿ ಹೋಗಿ ಬಾ ಎಂದು ಮುಂದೆ ಸಾಗುವುದನ್ನು ನಾವು ಕಲಿಯಬೇಕಿದೆ.